ವಕೀಲರ ಹೆಂಡತಿಗೆ ಅಂಟಿದ ಬ್ಯಾನಿ

ಮುದ್ದೇಬಿಹಾಳದ ಕೋರ್ಟಿನಲ್ಲಿ ರೇವಪ್ಪ ಕುಂಟೋಜಿ ವಕೀಲರಂಥ ನತದೃಷ್ಟ ಸಂಸಾರಿ ಇನ್ನೊಬ್ಬರಿರಲಿಲ್ಲ. ಅವರ ಮನೆಯ ಕಷ್ಟ ಬೇರೆ ಯಾರಿಗಾದರೂ ಬಂದಿದ್ದರೆ ಎಂದೋ ಕಾವಿ ಉಟ್ಟು ಶ್ರೀಶೈಲದ ದಾರಿ ಹಿಡಿಯುತ್ತಿದ್ದರು. ವಕೀಲರು ಮಾತ್ರ ಎಣ್ಣೆ ಹಚ್ಚಿ ಬಾಚಿದ ತಲೆ, ಗರಿಗರಿ ಇಸ್ತ್ರಿಯ ಕರಿಕೋಟು, ಬಾಯಿ ತುಂಬ ಎಲೆಅಡಿಕೆಯೊಂದಿಗೆ ದಿನವೂ ಕೋರ್ಟಿನ ಕಟ್ಟೆ ಹತ್ತುತ್ತಿದ್ದರು. ನ್ಯಾಯಾಧೀಶರ ಮುಂದೆ ನಿಂತಾಗ ಮಾತ್ರ ಮುಖ ಒಮ್ಮೆಲೆ ಬಾಡಿಬಿಡುತ್ತಿತ್ತು. ಹಾಸಿಗೆ ಹಿಡಿದ ಅತ್ತೆ, ಕಾಲು ಮುರಿದ ತಮ್ಮ, ಉಬ್ಬಸದ ಅಣ್ಣ, ಎಲ್ಲರೂ ದಾವೆಯ ತಾರೀಖಿನ ದಿನವೇ ಕಷ್ಟಕ್ಕೆ ಬೀಳುತ್ತಿದ್ದರು. ಸಂಜೆ ಕೋರ್ಟು ಮುಚ್ಚುವುದರೊಳಗೆ ಎದ್ದು ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದರು.

ದಾವೆಯನ್ನು ಮುಂದಿನ ತಾರೀಖಿಗೆ ಹಾಕಿಸುವುದಕ್ಕೆ ಆ ಕಡೆ ಮುದ್ದತ್ತು ತೆಗೆದುಕೊಳ್ಳುವುದು ಎನ್ನುತ್ತಾರೆ. ರೇವಪ್ಪ ವಕೀಲರು ಮುದ್ದತ್ತಿನ ಮಲ್ಲ. ಧಾರವಾಡದಲ್ಲಿ ಕಾನೂನು ಓದಿ ಬಂದ ಹೊಸತರಲ್ಲಿ ಅವರೂ ಬಡವರ ಪರ ನಿಂತು ಗಂಟಲು ಹರಿಯುವ ಹಾಗೆ ವಾದಿಸಿದವರೇ. ಆ ಕೆಂಡದ ಮೇಲೆ ಬೂದಿ ಕೂತು ಬಹಳ ವರ್ಷವಾಗಿತ್ತು. ಎಪ್ಪತ್ತರ ದಶಕದ ನಡುವೆ ಉಳುವವನಿಗೇ ಹೊಲ ಎಂಬ ಕಾಯ್ದೆ ಬಂತು. ಅದಕ್ಕೆಂದು ಕೂತ ಭೂನ್ಯಾಯ ಮಂಡಳಿಯೊಳಗೆ ವಕೀಲರು ಕಾಲಿಡಬಾರದು ಎಂದು ಸರ್ಕಾರವೇ ಅಪ್ಪಣೆ ಮಾಡಿತು. ತಾಲೂಕಿನ ಅರ್ಧ ಜಗಳ ಕರಿಕೋಟಿನ ಕೈತಪ್ಪಿ ಹೋಯಿತು. ಉಳಿದ ಅರ್ಧವನ್ನು ವಕೀಲರೆಲ್ಲ ಹಯನಿನ ಎಮ್ಮೆಯ ಹಾಗೆ ಮೈದಡವಿ ಸಾಕತೊಡಗಿದರು. ಬೇಗ ಮುಗಿಸಿ ಕೈತೊಳೆದುಕೊಳ್ಳುವಂಥ ಮೂರ್ಖ ಯಾರೂ ಇರಲಿಲ್ಲ.

ಅದಕ್ಕೆ ಒಂದು ರಿವಾಜೂ ಬೆಳೆದಿತ್ತು. ಒಬ್ಬ ವಕೀಲ ಎದ್ದು "ಮನೆಯಲ್ಲಿ ತೊಂದರೆ ಇದೆ ಸ್ವಾಮಿ" ಅಂದರೆ ಎದುರಿನ ವಕೀಲ "ನಮ್ಮ ತಕರಾರಿಲ್ಲ" ಅನ್ನಬೇಕು. ಯಾಕೆ, ಏನು ಎಂದು ಕೇಳುವುದು ಮಾನಗೇಡಿತನ. ನಾಳೆ ಇವನಿಗೂ ಒಬ್ಬ ಅತ್ತೆ ಬೇಕಾಗುತ್ತಾಳಲ್ಲ! ಎಮರ್ಜೆನ್ಸಿ ಬಂತು, ಕಚೇರಿಯ ಗಡಿಯಾರಗಳೆಲ್ಲ ಸರಿಹೋದವು, ಬಸ್ಸುಗಳು ಹೊತ್ತಿಗೆ ಸರಿಯಾಗಿ ಬಂದವು, ಆದರೆ ಈ ರಿವಾಜಿನ ಕೂದಲೂ ಕೊಂಕಲಿಲ್ಲ.

ಮೊದಮೊದಲು ರೇವಪ್ಪ ವಕೀಲರು ಸಾವಿನ ಮೇಲೆ ಕೈ ಮಾಡಿದ್ದರು. ಇಂಡಿ ಎಂಬ ಊರಿನಲ್ಲಿ ಅವರ ಸೋದರಮಾವನೊಬ್ಬನಿದ್ದ, ಗಟ್ಟಿಮುಟ್ಟಾದ ಮುದುಕ, ಕೈಯಲ್ಲಿ ಕೊಡಲಿ ಹಿಡಿದು ಸೌದೆ ಒಡೆಯುತ್ತಿದ್ದ. ಅವನನ್ನು ಎರಡು ಸಲ ಮಣ್ಣು ಮಾಡಿದರು. ಎರಡನೆಯ ಸಲ ಹಳೆಯ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ವಕೀಲರೇ, ಈ ಮಾವ ಹಿಂದೆಯೇ ತೀರಿಕೊಂಡಿದ್ದರಲ್ಲ?" ಎಂದು ಕೇಳಿದರು. ವಕೀಲರು ಕಣ್ಣು ಮಿಟುಕಿಸದೆ, "ಅವರು ಹಿರಿಯ ಮಾವ ಸ್ವಾಮಿ, ಇವರು ಕಿರಿಯರು" ಅಂದರು. ಮುದ್ದತ್ತು ಸಿಕ್ಕಿತು. ಆದರೆ ಅಂದೇ ಅವರಿಗೆ ಬುದ್ಧಿ ಬಂತು. ಸಾವು ಒಮ್ಮೆ ಖರ್ಚಾದರೆ ಮುಗಿದುಹೋಗುತ್ತದೆ, ಜಡ್ಡು ಹಾಗಲ್ಲ.

ಜಡ್ಡಿನಲ್ಲೂ ಎಲ್ಲವೂ ಕೆಲಸಕ್ಕೆ ಬರುವುದಿಲ್ಲ. ಜ್ವರ ಅಂದರೆ ಮೂರು ದಿನದಲ್ಲಿ ಇಳಿಯಬೇಕು. ಕ್ಷಯ ಅಂದರೆ ಸೊರಗಬೇಕು, ಅವರ ಹೆಂಡತಿ ಬಾಳಮ್ಮ ಸೊರಗುವ ಪೈಕಿ ಅಲ್ಲ, ಸಿಂದಗಿಯ ಮನೆತನದ ಹೆಣ್ಣು, ಜೋಳದ ಚೀಲವನ್ನು ಒಬ್ಬಳೇ ಎತ್ತಿ ಪಡಸಾಲೆಯಿಂದ ಒಳಗೆ ಒಯ್ಯುತ್ತಿದ್ದಳು. ವಕೀಲರು ಬಹಳ ಯೋಚಿಸಿ ಮೂರ್ಛೆರೋಗ ಆರಿಸಿಕೊಂಡರು. ಅದು ಯಾವಾಗ ಬೇಕಾದರೂ ಬರುತ್ತದೆ, ಬಂದು ಹೋದ ಗುರುತು ಉಳಿಯುವುದಿಲ್ಲ. ಬೆಳಿಗ್ಗೆ ಬಾಯಲ್ಲಿ ನೊರೆ ಬಂದು ಬಿದ್ದವಳು ಮಧ್ಯಾಹ್ನ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೂ ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಎಂಥ ತಲೆ ನೋಡಿ! ಆ ತಲೆಯನ್ನು ಒಂದು ದಾವೆಗೆ ಓಡಿಸಿದ್ದರೆ ಇಷ್ಟರಲ್ಲಿ ಹೈಕೋರ್ಟಿನಲ್ಲಿರುತ್ತಿದ್ದರು.

ಇಷ್ಟೆಲ್ಲ ಹೊಳೆದ ಮನುಷ್ಯನಿಗೆ ತನ್ನ ಮನೆಯಲ್ಲಿ ಮದುವೆಗೆ ಬಂದ ಮಗಳೊಬ್ಬಳಿದ್ದಾಳೆ ಎಂಬುದು ಹೊಳೆಯಲಿಲ್ಲ. ಕೋರ್ಟಿನಲ್ಲಿ ಆಡಿದ್ದು ಕೋರ್ಟಿನಲ್ಲೇ ಸಾಯುತ್ತದೆ ಎಂದು ಅವರು ನಂಬಿದ್ದರು.

ಬಾಳಮ್ಮನ ಮೂರ್ಛೆ ಹೆಚ್ಚಾಗಿ ಖರ್ಚಾದದ್ದು ಢವಳಗಿಯ ಹೊನ್ನವ್ವನ ದಾವೆಯಲ್ಲಿ. ಹೊನ್ನವ್ವ ಗಂಡ ಸತ್ತ ಮುದುಕಿ. ಅವಳ ಹೊಲಕ್ಕೆ ಹೋಗಬೇಕಾದರೆ ಮೈದುನ ಸಾಯಬಣ್ಣನ ಹೊಲದ ಬದುವಿನ ಮೇಲೆ ಚಕ್ಕಡಿ ಹೊಡೆದುಕೊಂಡು ಹೋಗಬೇಕು. ಅವಳು ಮದುವೆಯಾಗಿ ಬಂದಾಗಿನಿಂದ ಅದೇ ಹಾದಿ, ಅವಳ ಮಾವನ ಕಾಲಕ್ಕೂ ಅದೇ ಹಾದಿ. ಅಣ್ಣ ಸತ್ತ ಮೇಲೆ ಸಾಯಬಣ್ಣ ಜಾಲಿಮುಳ್ಳು ತಂದು ಅದಕ್ಕೆ ಅಡ್ಡ ಬೇಲಿ ಹಾಕಿದ. ಎತ್ತು ಹೋಗಲಾರದ ಹೊಲವನ್ನು ಮುದುಕಿ ಎಷ್ಟು ವರ್ಷ ಇಟ್ಟುಕೊಂಡಾಳು, ಬೇಸತ್ತು ತನಗೇ ಬರೆದುಕೊಡಲಿ ಎಂಬುದು ಅವನ ಲೆಕ್ಕ. ಮುದುಕಿ ದಾವೆ ಹೂಡಿದಳು. ಸಾಯಬಣ್ಣ ರೇವಪ್ಪ ವಕೀಲರನ್ನು ಹಿಡಿದ. "ಗೆಲ್ಲೂದು ಬ್ಯಾಡ್ರಿ ವಕೀಲರ, ಮುಗಿಸಬ್ಯಾಡ್ರಿ, ಅಷ್ಟ ಸಾಕು" ಅಂದ. ಅಂಥ ಕಕ್ಷಿದಾರ ಸಿಗಲು ಪುಣ್ಯ ಬೇಕು.

ಹಾದಿ ಹಳೆಯದು ಎಂದು ಹೇಳಲು ಹೊನ್ನವ್ವನಿಗೆ ಇಬ್ಬರು ಹಣ್ಣು ಮುದುಕರು ಸಾಕ್ಷಿಗಿದ್ದರು. ಬಾಳಮ್ಮ ಕೋರ್ಟಿನಲ್ಲಿ ಬಿದ್ದು ಬಿದ್ದು ಏಳುವಷ್ಟರಲ್ಲಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರು ಖರೇನೇ ಸತ್ತರು, ಇಂಡಿಯ ಮಾವನ ಹಾಗಲ್ಲ. ಕೊನೆಗೆ ಆ ಹಾದಿಗೆ ಸಾಕ್ಷಿ ಎಂದು ಉಳಿದದ್ದು ಹೊನ್ನವ್ವನ ಬಾಯಿ ಮಾತು ಒಂದೇ.

ಹೊನ್ನವ್ವ ಪ್ರತಿ ತಾರೀಖಿಗೂ ಬರುತ್ತಿದ್ದಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ರೊಟ್ಟಿಯ ಗಂಟು. ಕೋರ್ಟಿನ ಹಿಂದಿನ ಬೆಂಚಿನ ತುದಿಯಲ್ಲಿ ಕೂತು, ರೇವಪ್ಪ ವಕೀಲರು ಗದ್ಗದ ಕಂಠದಿಂದ "ನನ್ನ ಧರ್ಮಪತ್ನಿಗೆ ಇಂದು ಬೆಳಿಗ್ಗೆ ಮತ್ತೆ..." ಅನ್ನುವುದನ್ನು ಕೇಳುತ್ತಿದ್ದಳು. ಅವಳ ವಕೀಲರು ಬಾಬುಲಾಲ ಅಂತ, ಒಳ್ಳೆಯ ಮನುಷ್ಯ, ರಿವಾಜು ಮುರಿಯದವರು. "ನಮ್ಮ ತಕರಾರಿಲ್ಲ" ಎಂದು ಕೂತುಬಿಡುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಹೊಟ್ಟೆಯ ಸಂಕಟಕ್ಕೆ ಹೊರಗೆ ಬಂದು ಮಣ್ಣು ತೂರಿ ಶಾಪ ಹಾಕುತ್ತಿದ್ದರು. ಹೊನ್ನವ್ವ ಏನು ಮಾಡುತ್ತಿದ್ದಳು ಗೊತ್ತೇ? ವರಾಂಡದಲ್ಲಿ ರೇವಪ್ಪ ವಕೀಲರನ್ನು ತಡೆದು ನಿಲ್ಲಿಸಿ ಸಮಾಧಾನ ಹೇಳುತ್ತಿದ್ದಳು.

"ಅಕ್ಕಾರು ಈಗ ಹ್ಯಾಂಗದಾರ್ರಿ? ನೀವು ಧೈರ್ಯಾ ಬಿಡಬ್ಯಾಡ್ರಿ. ನನ್ನ ಅಣ್ಣನ ಹೆಂಡತಿಗೂ ಇದ ಬ್ಯಾನಿ ಇತ್ತು. ಏನರ ಆಗ್ಲಿ, ಹೆಂಡ್ತಿ ಜಡ್ಡ ಅಂದ್ರ ಇಷ್ಟು ಮರಗೂ ಗಂಡಸ್ರು ಈಗಿನ ಕಾಲಕ್ಕ ಎಲ್ಲದಾರ್ರಿ!"

ಒಮ್ಮೆ ಯಾವುದೋ ಬೇರು ಅರೆದು ಪೊಟ್ಟಣ ಕಟ್ಟಿ ತಂದಳು. ಇನ್ನೊಮ್ಮೆ ಬಸವನಬಾಗೇವಾಡಿಯ ಗುಡಿಗೆ ಹೋಗಿ ಬಾಳಮ್ಮನ ಹೆಸರಿನಲ್ಲಿ ಕಾಯಿ ಒಡೆಸಿ ಭಸ್ಮ ತಂದುಕೊಟ್ಟಳು. ಸೋಮವಾರ ಅವಳಿಗಾಗಿ ಒಪ್ಪೊತ್ತು ಇರುತ್ತೇನೆ ಅಂದಳು. ವಕೀಲರು ಭಸ್ಮವನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ನಿನ್ನ ಆಶೀರ್ವಾದ ಇರಲಿ ತಾಯಿ" ಅಂದರು. ಆ ದಿನ ಅವರಿಗೆ ಎಲೆಅಡಿಕೆ ಸ್ವಲ್ಪ ಕಹಿಯಾಯಿತಂತೆ. ಸ್ವಲ್ಪವೇ. ಉಗುಳಿ ಇನ್ನೊಂದು ಹಾಕಿಕೊಂಡರು.

ಹೀಗಿರುವಾಗ ಎಪ್ಪತ್ತೆಂಟರ ದೀಪಾವಳಿ ಮುಗಿದ ಮೇಲೆ ಮಗಳು ಕಾಶಿಬಾಯಿಗೆ ಸಂಬಂಧ ಕೂಡಿಬಂತು. ಹೂವಿನ ಹಿಪ್ಪರಗಿಯ ಶ್ರೀಶೈಲಪ್ಪನ ಮಗ, ಸಿಂದಗಿಯ ಬ್ಯಾಂಕಿನಲ್ಲಿ ಕೆಲಸ, ಮಾತು ಕಡಿಮೆ, ನಗುವಾಗ ತಲೆ ತಗ್ಗಿಸುವ ಹುಡುಗ. ಕಾಶಿಬಾಯಿಗೆ ಮೂಗಿನ ತುದಿಯಲ್ಲೇ ಕೋಪ, ಎಂಥೆಂಥ ವರಗಳನ್ನು ಮೂಗು ಮುರಿದು ಕಳಿಸಿದವಳು. ಇವನನ್ನು ನೋಡಿದ ಮೇಲೆ ಅಡುಗೆಮನೆಯಲ್ಲಿ ಅವಳಷ್ಟಕ್ಕೆ ಅವಳು ಹಾಡು ಗುನುಗತೊಡಗಿದಳು. ಮಗಳ ಆ ದನಿ ಕೇಳಿ ವಕೀಲರ ಎದೆ ತುಂಬಿಬಂತು. ಸುಳ್ಳುಗಾರನಾದರೂ ಅಪ್ಪ ಅಪ್ಪನೇ, ಆ ಮಗಳ ಮೇಲೆ ಅವರಿಗೆ ಜೀವವಿತ್ತು. ನಿಶ್ಚಯಕ್ಕೆ ದಿನ ನೋಡುವುದೊಂದು ಬಾಕಿ.

ಹಿಪ್ಪರಗಿಯವರು ರೂಢಿಯಂತೆ ಗುಟ್ಟಾಗಿ ಮನೆತನ ವಿಚಾರಿಸಿದರು. ಹೆಣ್ಣಿನ ಮನೆಯಲ್ಲಿ ಜಡ್ಡು ಜಾಪತ್ತು ಏನಾದರೂ ಇದೆಯೇ ಎಂಬುದು ಮೊದಲ ಪ್ರಶ್ನೆ. ಮುದ್ದೇಬಿಹಾಳದ ವಕೀಲರ ಮನೆಯ ಸುದ್ದಿ ಯಾರನ್ನು ಕೇಳುವುದು? ಶ್ರೀಶೈಲಪ್ಪನ ಹೆಂಡತಿಗೆ ಸ್ವಂತ ಚಿಕ್ಕಮ್ಮನೊಬ್ಬಳಿದ್ದಳು, ತಿಂಗಳು ತಿಂಗಳೂ ಆ ಊರಿನ ಕೋರ್ಟಿಗೆ ಹೋಗಿ ಬರುವವಳು. ಆ ಚಿಕ್ಕಮ್ಮನೇ ಢವಳಗಿಯ ಹೊನ್ನವ್ವ. ಯಾಕೆ ಕೇಳುತ್ತಿದ್ದಾರೆ ಎಂದು ಅವಳಿಗೆ ತಿಳಿಸಲಿಲ್ಲ. ಅವಳು ಕಣ್ಣಲ್ಲಿ ನೀರು ತಂದುಕೊಂಡು, "ವಕೀಲ ಬಂಗಾರದಂಥಾ ಮನಷ್ಯಾ, ಪಾಪ, ಹೇಣತಿಗೆ ಮೂರ್ಚೆ ಬ್ಯಾನಿ. ಜಜ್ ಸಾಹೇಬ್ರ ಮುಂದ ನಿಂತು ಹೇಳಿಕೊಂಡು ಅಳತಾನ" ಅಂದಳು. ಸಂಬಂಧ ಅಲ್ಲೇ ಮುರಿಯಿತು.

ಸಂಬಂಧ ಯಾರ ಮಾತಿಗೆ ಮುರಿಯಿತು ಎಂದು ತಿಳಿದ ದಿನ ವಕೀಲರು ಊಟ ಬಿಟ್ಟು ಹಿಪ್ಪರಗಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದು ವಾದ ಕಟ್ಟುತ್ತಾ ಹೋದರು. ಶ್ರೀಶೈಲಪ್ಪ ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದ, ಚಹ ಕೊಟ್ಟ, ಮಾತು ಮಾತ್ರ ಕಡ್ಡಿ ಮುರಿದ ಹಾಗೆ ಆಡಿದ.

"ನೋಡ್ರಿ ವಕೀಲರ, ಅಕ್ಕಾರಿಗೆ ಬ್ಯಾನಿ ಇದ್ದದ್ದು ಖರೇ ಆದ್ರ ನಾ ಜಡ್ಡಿನ ಮನಿ ಹೆಣ್ಣು ತಂದಂಗಾತು. ಇಲ್ಲಂತೀರಂದ್ರ ನೀವು ಕೋರ್ಟಿನ್ಯಾಗ ನಿಂತು ಸುಳ್ಳು ಹೇಳಿದಂಗಾತು, ನಾ ಸುಳ್ಳಿನ ಮನಿ ಹೆಣ್ಣು ತಂದಂಗಾತು. ಯಾವುದು ತರ್ಲಿ, ನೀವ ಹೇಳ್ರಿ."

ಖರೇ ಹೇಳಬೇಕಾದರೆ ಅಲ್ಲೇ ಹೇಳಬಹುದಿತ್ತು. ಕೈಮುಗಿದು "ತಪ್ಪಾತು" ಅಂದಿದ್ದರೆ ಒಕ್ಕಲುತನದ ಮನುಷ್ಯ, ಬೈದು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದನೋ ಏನೋ. ವಕೀಲರ ನಾಲಿಗೆ ಹಾಗೆ ಬಗ್ಗಿ ಬೆಳೆದದ್ದಲ್ಲ. ಅದಕ್ಕೆ ಎರಡು ಹಾದಿ ತೋರಿಸಿದರೆ ಮೂರನೆಯದನ್ನು ಹುಡುಕುತ್ತದೆ.

"ನಾ ಹಂಗ ಹೇಳೇ ಇಲ್ಲರಿ!" ಅಂದರು. "ಆ ಮುದುಕಿ ನನ್ನ ಎದುರು ಪಕ್ಷದಾಕಿ. ಕೇಸು ಸೋಲ್ತೇನಿ ಅಂತ ಹೆದ್ರಿ, ಸಿಟ್ಟಿಗೆ ನನ್ನ ಮನಿ ಮ್ಯಾಲ ಇಲ್ಲದ್ದು ಕಟ್ಟಿ ಹೇಳ್ಯಾಳ."

ಶ್ರೀಶೈಲಪ್ಪ ಮೀಸೆ ತೀಡಿದ. "ಹೊನ್ನವ್ವ ಚಿಗವ್ವ ಹಂಗ ಮಾಡೂ ಪೈಕಿ ಅಲ್ಲ. ಆದ್ರೂ ಒಂದು ಹೆಣ್ಣಮಗಳ ಬಾಳೇದ ಮಾತೈತಿ. ಬರೂ ತಾರೀಖಿಗೆ ನಾ ಮುದ್ದೇಬಿಹಾಳಕ ಬರ್ತೇನಿ. ನಿಮ್ಮನ್ನೂ ಅಕಿನ್ನೂ ಎದುರಾಬದುರಾ ನಿಂದರಿಸಿ ಕೇಳೂಣು."

ಮನೆಗೆ ಬಂದಾಗ ಬಾಳಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಸಂಬಂಧ ಮುರಿದ ಕಾರಣ ಅಷ್ಟರಲ್ಲಿ ಅವಳ ಕಿವಿಗೆ ಬಿದ್ದಿತ್ತು.

"ನನಗ ಮೂರ್ಚೆ ಬ್ಯಾನಿ? ನನಗ?" ಅಂದಳು. "ಅದಕ್ಕ ಅನ್ರಿ, ಬಳಿಗಾರ್ತಿ ಜೋಹರಾಬಿ ನನ್ನ ಗ್ವಾಡಿಗೆ ಆನಿಸಿ ಕುಂದರ್ಸಿ ಬಳಿ ತೊಡಸ್ತಾಳ! ಬಾಂವಿ ಕಡೆ ಹ್ವಾದ್ರ ಹೆಣ್ಣಮಕ್ಕಳು ಕೊಡಾ ಕಸಗೊಂಡು ತಾವ ಸೇದಿ ಕೊಡ್ತಾರ! ನಾ ವಕೀಲರ ಹೇಣತಿ ಅಂತ ಮರ್ಯಾದಿ ಮಾಡಾಕತ್ತಾರ ಅಂದಕೊಂಡಿದ್ನೆಲ್ರಿ!"

"ಬಾಳು, ಅದು ಹಂಗಲ್ಲ, ಕೋರ್ಟಿನ ವ್ಯವಹಾರ ನಿನಗ..."

"ಏನ್ ಕೋರ್ಟಿನ ವ್ಯವಹಾರ? ಇಷ್ಟು ವರ್ಷ ನನ್ನ ಮಂದಿ ಮುಂದ ನೆಲಕ್ಕ ಕೆಡವೀರಿ. ಮನಿಯಾಗ ಒಂದು ದಿನರ ಆರಾಮದಿಯೇನು ಅಂತ ಕೇಳೀರೇನು? ಹ್ವಾದ ವರ್ಷ ಹಲ್ಲು ಬ್ಯಾನಿಯಾಗಿ ಎಂಟು ದಿನ ಒದ್ದಾಡಿದ್ರ, ಉಪ್ಪಿಡು ಅಂದು ಕೋಟು ಹಾಕ್ಕೊಂಡು ಹ್ವಾದ್ರಿ!"

ಹಲ್ಲು ಬೇನೆಯ ಸಂಗತಿ ವಕೀಲರಿಗೆ ನೆನಪೇ ಇರಲಿಲ್ಲ. ಒಳಗಿನ ಕೋಣೆಯಿಂದ ಕಾಶಿಬಾಯಿ ಮುಸುಮುಸು ಅಳುವುದು ಕೇಳಿಸುತ್ತಿತ್ತು. ಬಾಳಮ್ಮನ ದನಿ ಇಳಿಯಿತು. ಇಳಿದದ್ದು ಇನ್ನೂ ಚುಚ್ಚಿತು.

"ಆ ಮುದುಕಿ ಮುಂದ ಖರೇ ಹೇಳ್ರಿ. ತಪ್ಪಾತು ಅನ್ರಿ. ನನ್ನ ಹೆಸರ್ಲೆ ಅಕಿನ್ನ ವರ್ಷಗಟ್ಲೆ ತಿರಗ್ಯಾಡಿಸೀರಿ, ಆ ಪಾಪ ನನ್ನ ಮಗಳ ತೆಲಿ ಮ್ಯಾಲ ಬರಬಾರ್ದು. ಖರೇ ಹೇಳಿದ ಮ್ಯಾಲೂ ಬೀಗರು ಒಲ್ಲೆ ಅಂದ್ರ ಅನ್ಲಿ, ಲಗ್ನ ಹೋಗ್ಲಿ."

"ಹೇಳ್ತೇನಿ" ಅಂದರು ವಕೀಲರು. ಅವರನ್ನು ಅಷ್ಟು ಪೂರ್ತಿ ಸುಳ್ಳ ಎಂದು ತಿಳಿಯಬೇಡಿ. ಹೇಳಬೇಕು ಎಂದೇ ಅವರು ಅಂದುಕೊಂಡಿದ್ದರು.

ತಾರೀಖಿನ ದಿನ ಬಂತು. ಆಗ ಕೋರ್ಟಿಗೆ ಹೊಸ ನ್ಯಾಯಾಧೀಶರು ಬಂದಿದ್ದರು, ಎಳೆಯ ವಯಸ್ಸು, ರಿವಾಜು ಗೊತ್ತಿಲ್ಲದವರು. ಹಿಂದಿನ ಸಲವೇ "ಇದು ಕಡೆಯ ಮುದ್ದತ್ತು, ಇನ್ನು ಯಾರಿಗೆ ಏನೇ ಆಗಲಿ ಸಾಕ್ಷಿ ನಡೆಯುತ್ತದೆ" ಎಂದು ಹೇಳಿಬಿಟ್ಟಿದ್ದರು. ಮಧ್ಯಾಹ್ನ ಊಟದ ಮೇಲೆ ಹೊನ್ನವ್ವನ ಸಾಕ್ಷಿ ಎಂದು ಗೊತ್ತಾಗಿತ್ತು.

ಬೆಳಿಗ್ಗೆ ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ, ಚಹದಂಗಡಿಯ ಬೆಂಚಿನ ಮೇಲೆ ಶ್ರೀಶೈಲಪ್ಪ ಬಂದು ಕೂತಿದ್ದ. ಹೊನ್ನವ್ವನನ್ನು ಕರೆಸಿದ್ದ. ಗದ್ದಲ ಇರುವಲ್ಲಿಗೆ ಕರೆಯದೆ ಬರುವ ಜನ ಸುತ್ತ ಸೇರಿದ್ದರು. ಸಾಯಬಣ್ಣನೂ ಬೀಡಿ ಹಚ್ಚಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದ. ವಕೀಲರು ಬಂದು ನಿಂತರು. ಚಳಿಯ ದಿನದಲ್ಲೂ ಅವರ ಕೊರಳಪಟ್ಟಿ ಒದ್ದೆಯಾಗಿತ್ತು.

ಶ್ರೀಶೈಲಪ್ಪ ನೇರವಾಗಿ ಕೇಳಿದ. "ಚಿಗವ್ವಾ, ಇವರ ಮಗಳನ್ನ ನಮ್ಮ ಹುಡುಗಗ ತರಬೇಕಂತಿದ್ವಿ. ನೀ ಜಡ್ಡಿನ ಮಾತು ಹೇಳಿದ್ದಕ್ಕ ಬಿಟ್ವಿ. ನೀ ಸಿಟ್ಟಿಗೆ ಕಟ್ಟಿ ಹೇಳೀದಿ ಅಂತಾರ ವಕೀಲರು. ಈಗ ಇಬ್ಬರೂ ಅದೀರಿ. ಖರೇ ಯಾವುದು?"

ಮುದುಕಿಗೆ ಅಲ್ಲಿಯ ತನಕ ಏನೂ ಗೊತ್ತಿರಲಿಲ್ಲ. ತಾನು ಮರುಕಪಟ್ಟು ಆಡಿದ ಮಾತಿನಿಂದ ಒಂದು ಹುಡುಗಿಯ ಮದುವೆ ಮುರಿಯಿತೇ! ಅವಳು ವಕೀಲರ ಕಡೆ ನೋಡಿದಳು. ವಕೀಲರು ಮಾತಾಡಲು ಬಾಯಿ ತೆರೆದರು. ಅವರ ಕಣ್ಣ ಮುಂದೆ ಕಾಶಿಬಾಯಿ ಬಂದಳು, ಸುತ್ತ ನಿಂತ ಜೊತೆಯ ವಕೀಲರು ಬಂದರು, ವಕೀಲಿಯ ಸನ್ನದು ಕಿತ್ತುಕೊಳ್ಳುವ ದೊಡ್ಡ ಸಾಹೇಬರು ಬಂದರು. ಬಾಳಮ್ಮ ಒಬ್ಬಳು ಬರಲಿಲ್ಲ.

ಅಷ್ಟರಲ್ಲಿ ಹೊನ್ನವ್ವ ಸೆರಗು ಸರಿಮಾಡಿಕೊಂಡಳು.

"ಹೌದು ಶ್ರೀಶೈಲಪ್ಪಾ" ಅಂದಳು. "ನಾ ಸಿಟ್ಟಿಗೆ ಹೇಳಿದ್ದು. ವಕೀಲರು ಎಂದೂ ಹಂಗ ಅಂದಿಲ್ಲ. ಕೇಸು ಮುಗಿಯವಲ್ದು ಅಂತ ಹೊಟ್ಟೆಗಿನ ಸಂಕಟಕ್ಕ ಇಲ್ಲದ್ದು ಕಟ್ಟಿ ಹೇಳೇನಿ. ನನ್ನ ನಾಲಿಗಿಗೆ ಹುಳಾ ಬೀಳ್ಲಿ. ಆ ಹುಡುಗಿನ್ನ ಕೈ ಬಿಡಬ್ಯಾಡ."

"ಛೀ, ಈ ವಯಸ್ಸಿನ್ಯಾಗ ಎಂಥಾ ಬುದ್ಧಿ ಚಿಗವ್ವಾ!" ಎಂದು ಶ್ರೀಶೈಲಪ್ಪ ಎಲ್ಲರ ಮುಂದೆ ಅವಳಿಗೆ ಉಗಿದ. ಸುತ್ತ ನಿಂತವರು ಲೊಚಗುಟ್ಟಿದರು. ಆಮೇಲೆ ಅವನು ವಕೀಲರ ಕೈಹಿಡಿದು, "ತಪ್ಪು ತಿಳಕೊಂಡಿದ್ವಿ, ಬೀಗರ. ಬರೂ ವಾರ ನಿಶ್ಚೇ ಮಾಡೂಣು" ಅಂದ. ಮುದುಕಿ ತಲೆ ತಗ್ಗಿಸಿ ನಿಂತಿದ್ದಳು. ವಕೀಲರು ಹಿಡಿದ ಕೈ ಬಿಡಿಸಿಕೊಳ್ಳಲಿಲ್ಲ. ಖರೇ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಅವರ ಜನ್ಮದಲ್ಲಿ ಇನ್ನೊಂದು ಬರುವುದಿರಲಿಲ್ಲ. ಅದು ಬಂದು ಅವರ ಮುಂದೆ ನಿಂತು, ಕಾಯ್ದು, ಹೋಯಿತು.

ಸಾಯಬಣ್ಣ ಬೀಡಿಯನ್ನು ಕಾಲಲ್ಲಿ ಹೊಸಕಿ ವಕೀಲರ ಪಕ್ಕಕ್ಕೆ ಬಂದ. ಮುಖದಲ್ಲಿ ದೀಪ ಹಚ್ಚಿದ ಹಾಗಿತ್ತು.

"ಕೇಳಿದ್ರಿಲ್ರಿ ವಕೀಲರ? ಇಷ್ಟು ಮಂದಿ ಮುಂದ ಅಕೀನ ಒಪ್ಪಿಕೊಂಡ್ಳು, ಸಿಟ್ಟಿಗೆ ಸುಳ್ಳು ಕಟ್ತೇನಿ ಅಂತ. ಮಧ್ಯಾಹ್ನ ಅದನ್ನ ಕೇಳ್ರಿ. ಒಂದ ಒಂದು ಪ್ರಶ್ನಿ. ಹಾದಿ ಮುಗೀತು."

"ನೋಡೋಣ" ಅಂದರು ವಕೀಲರು. ಅವರು ಊಟಕ್ಕೆ ಮನೆಗೆ ಹೋಗಲಿಲ್ಲ. ಹೋದರೆ ಬಾಳಮ್ಮ ಕೇಳುತ್ತಾಳೆ.

ಮಧ್ಯಾಹ್ನ ಕಟಕಟೆಯಲ್ಲಿ ಹೊನ್ನವ್ವ ನಿಂತಳು. ಎದೆಯ ಮಟ್ಟದ ಕಟ್ಟಿಗೆಯ ಹಿಂದೆ ತಲೆ ಮಾತ್ರ ಕಾಣುತ್ತಿತ್ತು. ಪ್ರಮಾಣ ಮಾಡಿದಳು. ಬಾಬುಲಾಲ ವಕೀಲರು ಕೇಳಿದ್ದಕ್ಕೆಲ್ಲ ಗಟ್ಟಿಯಾಗಿ ಹೇಳಿದಳು. ಅತ್ತೆಯ ಜೊತೆ ಮೊದಲ ಸಲ ಬುತ್ತಿ ಹೊತ್ತು ಆ ಬದುವಿನ ಮೇಲೆ ನಡೆದದ್ದು, ಅಲ್ಲಿ ಚಕ್ಕಡಿಯ ಗಾಲಿ ಕೊರೆದ ಗೆರೆ ಈಗಲೂ ಇರುವುದು, ಗಂಡನ ಹೆಣವನ್ನು ಅದೇ ಹಾದಿಯಲ್ಲಿ ಹೊತ್ತು ಹೊಲದ ಮೂಲೆಗೆ ಒಯ್ದದ್ದು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಮುದುಕಿಯ ಮಾತು ಅವರಿಗೆ ನಾಟಿತ್ತು, ಯಾರಿಗಾದರೂ ನಾಟುತ್ತಿತ್ತು.

ರೇವಪ್ಪ ವಕೀಲರು ಪಾಟೀಸವಾಲಿಗೆ ಎದ್ದರು. ಆ ಮಾತು ಕೇಳಬಾರದು ಎಂದುಕೊಂಡೇ ಎದ್ದರು. ಹೊಲದ ಸರಹದ್ದು ಕೇಳಿದರು, ಬದುವಿನ ಅಗಲ ಕೇಳಿದರು, ಮುದುಕಿ ಒಂದಕ್ಕೂ ತಪ್ಪಲಿಲ್ಲ. ಹಿಂದಿನಿಂದ ಸಾಯಬಣ್ಣ ಕೆಮ್ಮಿದ. ಹಿಂದಿನ ಬೆಂಚಿನಲ್ಲಿ ಶ್ರೀಶೈಲಪ್ಪನೂ ಬಂದು ಕೂತಿದ್ದ, ಹೊಸ ಬೀಗರ ವಾದ ಕೇಳಲು. ಬೀಗರ ಮುಂದೆ ಒಬ್ಬ ಮುದುಕಿಗೆ ಸೋಲುವುದೇ? ವಕೀಲರ ಕೈ ತಾನಾಗಿ ಕರಿಕೋಟಿನ ಅಂಚು ಹಿಡಿಯಿತು, ಕುತ್ತಿಗೆ ತಾನಾಗಿ ನೆಟ್ಟಗಾಯಿತು.

"ಇಂದು ಬೆಳಿಗ್ಗೆ, ಈ ಕೋರ್ಟಿನ ಎದುರಿಗೆ, ಹತ್ತು ಜನರ ಮುಂದೆ, ನೀವು ಸಿಟ್ಟಿಗೆ ಇಲ್ಲದ ಸುದ್ದಿ ಕಟ್ಟಿ ಹೇಳಿದ್ದು ಹೌದೆಂದು ಒಪ್ಪಿಕೊಂಡಿರಿ. ನಿಜವೋ ಸುಳ್ಳೋ?"

ಬಾಬುಲಾಲ ವಕೀಲರು ಅರ್ಧ ಎದ್ದು ತಕರಾರು ಮಾಡಿದರು. ನ್ಯಾಯಾಧೀಶರು "ಉತ್ತರ ಹೇಳಲಿ" ಅಂದರು.

ಹೊನ್ನವ್ವ ವಕೀಲರನ್ನು ನೋಡಿದಳು. ಸಿಟ್ಟಿನಿಂದಲ್ಲ, ಅವರು ಇಂಥದ್ದನ್ನು ಯಾಕೆ ಕೇಳುತ್ತಿದ್ದಾರೆ ಎಂದು ತಿಳಿಯದವಳ ಹಾಗೆ ನೋಡಿದಳು. ಆಮೇಲೆ ಹಿಂದಿನ ಬೆಂಚಿನ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಶ್ರೀಶೈಲಪ್ಪ ಕೂತಿದ್ದ. "ಸುಳ್ಳು" ಎನ್ನುವ ಒಂದು ಮಾತಿನಿಂದ ಅವಳ ಹಾದಿ ಅವಳಿಗೆ ಬರುತ್ತಿತ್ತು, ಆ ಹುಡುಗಿಯ ಮದುವೆ ಮತ್ತೆ ಮುರಿಯುತ್ತಿತ್ತು. ಮುದುಕಿಗೆ ಅಷ್ಟು ತಿಳಿಯುತ್ತಿತ್ತು.

"ನಿಜಾರಿ" ಅಂದಳು.

"ಅಂದರೆ ಸಿಟ್ಟು ಬಂದರೆ ಸುಳ್ಳು ಹೇಳುವುದು ನಿಮ್ಮ ಅಭ್ಯಾಸ. ಮೈದುನನ ಮೇಲೂ ನಿಮಗೆ ಸಿಟ್ಟಿದೆ, ಅಲ್ಲವೇ?"

"ಹಾದಿ ಖರೇ ಐತ್ರಿ" ಅಂದಳು ಹೊನ್ನವ್ವ. "ಅದೊಂದು ಖರೇ ಐತ್ರಿ ಸಾಹೇಬ್ರ. ಬೇಕಾರ ಬಂದು ನೋಡ್ರಿ."

ನ್ಯಾಯಾಧೀಶರು ಅವಳ ಮುಖ ನೋಡಲಿಲ್ಲ. ತಲೆ ಬಗ್ಗಿಸಿ, ಮೊದಲು ಬರೆದಿದ್ದರ ಕೆಳಗೆ ಇದನ್ನೂ ಬರೆದುಕೊಂಡರು. ಬಾಬುಲಾಲ ವಕೀಲರು ಪೆನ್ನಿನ ಟೋಪಿ ಮುಚ್ಚಿದರು. ತೀರ್ಪು ಹೇಳುವುದೊಂದು ಉಳಿದಿತ್ತು, ದಾವೆ ಅಲ್ಲೇ ಸತ್ತಿತ್ತು. ಇಷ್ಟು ವರ್ಷ ಮುಗಿಸಬಾರದು ಎಂದು ಸಾಕಿದ ದಾವೆಯನ್ನು ರೇವಪ್ಪ ವಕೀಲರು ಒಂದು ಪ್ರಶ್ನೆಯಲ್ಲಿ ಮುಗಿಸಿದ್ದರು. ಅವರ ಇಡೀ ವಕೀಲಿಯಲ್ಲಿ ಅಷ್ಟು ಚಂದದ ಪಾಟೀಸವಾಲು ಇನ್ನೊಂದಿಲ್ಲ ಎಂದು ಆಮೇಲೂ ಆ ಕೋರ್ಟಿನಲ್ಲಿ ಹೇಳುತ್ತಿದ್ದರು. ಹೇಳುವವರಿಗೇನು!

ವರಾಂಡದಲ್ಲಿ ಸಾಯಬಣ್ಣ ಅವರ ಕಾಲು ಮುಟ್ಟಲು ಬಂದ, ವಕೀಲರು ಹಿಂದೆ ಸರಿದರು. ಶ್ರೀಶೈಲಪ್ಪ "ಭೇಷ್ ಬೀಗರ!" ಎಂದು ಬೆನ್ನು ತಟ್ಟಿ ಬಸ್ಸಿಗೆ ಹೊರಟ. ಕಡೆಗೆ ಹೊನ್ನವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ವಕೀಲರು ಓಡಿಹೋಗಬೇಕು ಅಂದುಕೊಂಡರೂ ಹೋಗಲಿಲ್ಲ. ಈಗ ಬೈಯುತ್ತಾಳೆ, ಉಗುಳುತ್ತಾಳೆ ಎಂದು ಕಾಯ್ದರು. ಬೈದರೆ ಸಾಕು ಎಂದು ಅವರ ಜೀವ ಬೇಡುತ್ತಿತ್ತು.

ಮುದುಕಿ ಆಚೆಈಚೆ ನೋಡಿ, ಶ್ರೀಶೈಲಪ್ಪ ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು ಹತ್ತಿರ ಬಂದಳು. ಯಾರಿಗೂ ಕೇಳದ ಹಾಗೆ ಪಿಸುದನಿಯಲ್ಲಿ ಹೇಳಿದಳು.

"ಲಗ್ನದ ಗದ್ದಲದಾಗ ಅಕ್ಕಾರನ್ನ ಒಲಿ ಮುಂದ ಒಬ್ಬರನ್ನ ಕುಂದರ್ಸಬ್ಯಾಡ್ರಿ. ಬ್ಯಾನಿ ಯಾವಾಗ ಬರ್ತದೋ ಏನೋ. ಬೀಗರು ನೋಡಿಗೀಡ್ಯಾರು. ನಾ ಬಂದು ಅವರ ಬಾಜೂಕ ಕುಂದರ್ತೇನಿ."

"ಆತವ್ವ" ಅಂದರು ರೇವಪ್ಪ ವಕೀಲರು.